ಝಕಾತ್ ಹಣ ರಂಜಾನ್ ಕಿಟ್ಟಿಗೇ ಮುಗಿಯದಿರಲಿ, ಒಂಟಿ ತಾಯಂದಿರ ದುಡಿಮೆಗೆ ಬಂಡವಾಳವಾಗಲಿ

ಮಾನ್ಯ ಸಂಪಾದಕರೇ,

ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳ ತಾಳಲಾರದೆ ಹೆಣ್ಣುಮಕ್ಕಳು ಊರು ಬಿಟ್ಟ, ಜೀವ ಬಿಟ್ಟ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಮಾಡಿತು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಮನೆಬಾಗಿಲಿಗೆ ಬಂದು ಕೂರುವವನನ್ನು ಕಾನೂನು ತಡೆದ ಮೇಲೂ, ಮರುದಿನ ಬೆಳಿಗ್ಗೆ ಸರಕು ಕೊಳ್ಳಲು ಒಂದೂವರೆ ಸಾವಿರ ಬೇಕಾದ ಹೆಣ್ಣುಮಗಳಿಗೆ ಆ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆ ಪ್ರಶ್ನೆಗೆ ಒಂದು ಉತ್ತರ, ಉಳ್ಳವರು ಬಡವರಿಗೆ ಕಡ್ಡಾಯವಾಗಿ ಕೊಡಬೇಕಾದ ಝಕಾತ್ ಹಣ, ನಮ್ಮ ಮುಸ್ಲಿಂ ಸಮುದಾಯದ ಕೈಯಲ್ಲೇ ಇದೆ, ಪ್ರತಿವರ್ಷ ಕೈಯಿಂದ ಕೈಗೆ ಹರಿದು ಒಂದೇ ತಿಂಗಳಲ್ಲಿ ಖಾಲಿಯಾಗುತ್ತಿದೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ಮೂರು ದಶಕ ಗಣಿತ ಕಲಿಸಿ ನಿವೃತ್ತಳಾದ ನಾನು, ಕಳೆದ ಕೆಲವು ವರ್ಷಗಳಿಂದ ನಮ್ಮ ಮೊಹಲ್ಲಾದ ಝಕಾತ್ ಸಮಿತಿಯ ಲೆಕ್ಕ ಬರೆದುಕೊಡುತ್ತಿದ್ದೇನೆ. ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ.

ನಮ್ಮ ಓಣಿಯಲ್ಲಿ ಖಾರ ಮಂಡಕ್ಕಿ ಮಾಡಿ ಮಾರುವ ಒಬ್ಬ ತಾಯಿ ಇದ್ದಾಳೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ನಸುಕಿನ ಫಜರ್ ನಮಾಜಿನ ನಂತರ ಭಟ್ಟಿಗೆ ಹೋಗಿ ಬಿಸಿ ಆರದ ಮಂಡಕ್ಕಿಯ ಚೀಲ ಹೊತ್ತು ತರುತ್ತಾಳೆ. ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆಗೆ ಶೇಂಗಾ, ಹುರಿಗಡಲೆ ಹಾಕಿ, ದೊಡ್ಡ ಬುಟ್ಟಿಯಲ್ಲಿ ಮಂಡಕ್ಕಿಗೆ ಕಲಸಿ, ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಕವರುಗಳಿಗೆ ತುಂಬುತ್ತಾಳೆ. ಕವರಿನ ಬಾಯಿಯನ್ನು ಗರಗಸದ ಹಳೆಯ ಬ್ಲೇಡಿಗೆ ಮಡಿಚಿ, ಉರಿಯುವ ಮೋಂಬತ್ತಿಯ ಮೇಲೆ ಒಂದು ಕ್ಷಣ ಆಡಿಸಿ ಅಂಟಿಸುತ್ತಾಳೆ. ಆಕೆಯ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಸುಟ್ಟು ಸುಟ್ಟು ನುಣ್ಣಗಾಗಿವೆ. ಆಧಾರ್ ದೃಢೀಕರಣಕ್ಕೆ ಬೆರಳಿಟ್ಟರೆ ಯಂತ್ರ ಒಮ್ಮೊಮ್ಮೆ ಗುರುತು ಹಿಡಿಯುವುದಿಲ್ಲ ಎಂದು ಆಕೆಯೇ ಕೈ ಚಾಚಿ ತೋರಿಸಿದ್ದಳು.

ಆಕೆಯ ವ್ಯಾಪಾರದಲ್ಲಿ ನಷ್ಟವಿಲ್ಲ. ಮಾಡಿದ್ದೆಲ್ಲ ಖರ್ಚಾಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ಭಟ್ಟಿಯವರಿಗೆ, ಎಣ್ಣೆ ಅಂಗಡಿಗೆ ಇವತ್ತೇ ನಗದು ಕೊಡಬೇಕು, ಆಕೆಯ ಪೊಟ್ಟಣ ಮಾರುವ ಗೂಡಂಗಡಿಗಳವರು ಹಣ ಕೊಡುವುದು ಎಂಟು ದಿನಕ್ಕೊಮ್ಮೆ. ದಿನಕ್ಕೆ 1,500 ರೂಪಾಯಿಯ ಸರಕು ಎಂದಿಟ್ಟುಕೊಂಡರೆ, ಯಾವತ್ತೂ 12,000 ರೂಪಾಯಿ ಬೇರೆಯವರ ಅಂಗಡಿಯ ದಾರದಲ್ಲಿ ತೂಗಾಡುತ್ತಿರುತ್ತದೆ. ಈ ಹನ್ನೆರಡು ಸಾವಿರ ಆಕೆಯ ಸ್ವಂತದ್ದಾಗಿಲ್ಲದ ಕಾರಣ ಆಕೆ ದಿನಗಂತಿಗೆ ಸಾಲ ಕೊಡುವವನ ಬಳಿ ಹೋಗುತ್ತಾಳೆ. ಅವನು 20,000 ಎಂದು ಬರೆದುಕೊಂಡು ಕೈಗೆ 18,000 ಕೊಟ್ಟು, ದಿನಕ್ಕೆ 200ರಂತೆ ನೂರು ದಿನ ವಸೂಲಿ ಮಾಡುತ್ತಾನೆ. ‘ನೂರು ದಿನಕ್ಕೆ ಎರಡು ಸಾವಿರ ತಾನೇ ಆಪಾ, ಮೀಟರ್ ಬಡ್ಡಿಯವರಿಗಿಂತ ಇವನೇ ವಾಸಿ’ ಎಂದು ಆಕೆ ನನಗೆ ಸಮಾಧಾನ ಹೇಳಿದಳು. ದಿನದಿನವೂ ಅಸಲು ಕರಗುತ್ತ ಹೋಗುವುದರಿಂದ ಈ ಸಾಲದ ನಿಜವಾದ ಬಡ್ಡಿ ವರ್ಷಕ್ಕೆ ಶೇ 75ನ್ನು ದಾಟುತ್ತದೆ ಎಂಬುದನ್ನು ಆಕೆಗೆ ನಾನು ಹಾಳೆಯ ಮೇಲೆ ಬರೆದು ವಿವರಿಸಬೇಕಾಯಿತು. ಒಂದು ಸಾಲ ಮುಗಿದ ದಿನವೇ ಇನ್ನೊಂದು ಎತ್ತುತ್ತಾಳಾದ್ದರಿಂದ ವರ್ಷಕ್ಕೆ ಏಳು ಸಾವಿರಕ್ಕೂ ಹೆಚ್ಚು, ನಾಲ್ಕು ವರ್ಷಕ್ಕೆ 28 ಸಾವಿರ ದಾಟಿ ಬಡ್ಡಿಗೇ ಹೋಗಿದೆ. ಯಾರಾದರೂ ನಾಲ್ಕು ವರ್ಷದ ಹಿಂದೆ ಒಮ್ಮೆ, ಒಂದೇ ಒಂದು ಬಾರಿ, 12 ಸಾವಿರ ರೂಪಾಯಿಯನ್ನು ಆಕೆಯದೆಂದೇ ಕೊಟ್ಟಿದ್ದರೆ ಸಾಕಿತ್ತು.

ಯಾರೂ ಕೊಡಲಿಲ್ಲವೇ ಎಂದರೆ, ಕೊಟ್ಟರು. ಈ ನಾಲ್ಕು ರಂಜಾನ್‌ಗಳಲ್ಲಿ ಆಕೆಗೆ ಅಕ್ಕಿ, ಎಣ್ಣೆ, ಶಾವಿಗೆ, ಖರ್ಜೂರದ ಕಿಟ್ಟುಗಳು, ಐದು ಸೀರೆ, ಐನೂರರ ನೋಟುಗಳು ಸಿಕ್ಕಿವೆ. ಎಲ್ಲವನ್ನೂ ಕೂಡಿಸಿದರೆ ಆ ಹನ್ನೆರಡು ಸಾವಿರಕ್ಕಿಂತ ಹೆಚ್ಚೇ ಆಗುತ್ತದೆ. ಆದರೆ ಅದು ಹತ್ತು ಮನೆಗಳಿಂದ ಚೂರುಚೂರಾಗಿ ಬಂತು, ಹಬ್ಬದ ವಾರದಲ್ಲೇ ಕರಗಿತು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆಯಲ್ಲ.

ಮುಸ್ಲಿಮೇತರ ಓದುಗರಿಗಾಗಿ ಎರಡು ಮಾತು. ಒಬ್ಬರ ಬಳಿ ಖರ್ಚು, ಸಾಲ ಕಳೆದು ನಿಸಾಬ್ ಎಂಬ ಮಿತಿಗಿಂತ ಹೆಚ್ಚಿನ ಸಂಪತ್ತು ಒಂದು ಚಾಂದ್ರಮಾನ ವರ್ಷ ಉಳಿದರೆ, ಅದರ ಶೇ 2.5ರಷ್ಟನ್ನು ಝಕಾತ್ ಎಂದು ತೆಗೆದು ಕೊಡುವುದು ಕಡ್ಡಾಯ. ಅದು ಕೊಡುವವರ ಔದಾರ್ಯವಲ್ಲ, ಪಡೆಯುವವರ ಹಕ್ಕು. ಹತ್ತು ಲಕ್ಷದ ಚಿನ್ನ, ಠೇವಣಿ, ವ್ಯಾಪಾರದ ಸರಕು ಇರುವ ಒಂದು ಮನೆಯ ಝಕಾತ್ ವರ್ಷಕ್ಕೆ 25,000 ರೂಪಾಯಿ. ಇದಲ್ಲದೆ ಸ್ವಇಚ್ಛೆಯಿಂದ ಕೊಡುವ ಸದಖಾ ಇದೆ, ಬಡ್ಡಿಯಿಲ್ಲದೆ ಕೊಡುವ ಕೈಸಾಲವಾದ ಖರ್ಜೆ ಹಸನಾ ಇದೆ, ಆಸ್ತಿಯನ್ನು ಶಾಶ್ವತವಾಗಿ ಒಳಿತಿಗೆ ಮುಡಿಪಿಡುವ ವಕ್ಫ್ ಇದೆ. ಈ ನಾಲ್ಕನ್ನೂ ಒಂದಕ್ಕೊಂದು ಹೊಂದಿಸಿ ಬಳಸುವುದನ್ನು ಈಗ ವಿದ್ವಾಂಸರು ಇಸ್ಲಾಮೀ ಸಾಮಾಜಿಕ ಹಣಕಾಸು ಎನ್ನುತ್ತಾರೆ. ಹೆಸರು ಹೊಸದು, ವಸ್ತು ಹಳೆಯದು.

ಎಷ್ಟು ಹಳೆಯದೆಂದರೆ, ಪ್ರವಾದಿಯವರ ನಡೆನುಡಿಗಳ ದಾಖಲೆಯಾದ ಹದೀಸಿನಲ್ಲಿ ಒಂದು ಪ್ರಸಂಗ ಬರುತ್ತದೆ. ಬೇಡಲು ಬಂದ ಒಬ್ಬ ಅನ್ಸಾರಿಯನ್ನು, ಅಂದರೆ ಮದೀನಾದ ಮುಸ್ಲಿಮನನ್ನು, ಪ್ರವಾದಿಯವರು, ನಿನ್ನ ಮನೆಯಲ್ಲಿ ಏನಿದೆ ಎಂದು ಕೇಳಿದರು. ಹಾಸಿ ಹೊದೆಯುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು ಎಂದು ಅವನು ಹೇಳಿದ. ಎರಡನ್ನೂ ತರಿಸಿ, ಅಲ್ಲಿದ್ದವರ ನಡುವೆ ಹರಾಜು ಹಾಕಿ ಎರಡು ದಿರ್ಹಮ್ ಪಡೆದು, ಒಂದರಲ್ಲಿ ಮನೆಗೆ ಊಟ ಕೊಂಡುಕೊ, ಇನ್ನೊಂದರಲ್ಲಿ ಕೊಡಲಿ ತಾ ಎಂದರು. ಕೊಡಲಿಗೆ ತಮ್ಮ ಕೈಯಾರೆ ಕಾವು ಹಾಕಿ ಕೊಟ್ಟು, ಸೌದೆ ಕಡಿದು ಮಾರು, ಹದಿನೈದು ದಿನ ನನ್ನ ಕಣ್ಣಿಗೆ ಬೀಳಬೇಡ ಎಂದು ಕಳುಹಿಸಿದರು. ಅವನು ಹತ್ತು ದಿರ್ಹಮ್ ಗಳಿಸಿ ಹಿಂತಿರುಗಿದ. ಈ ಪ್ರಸಂಗವನ್ನು ನಾವು ಭಿಕ್ಷೆ ಬೇಡಬಾರದು ಎಂಬ ಬೋಧನೆಗೆ ಮಾತ್ರ ಬಳಸುತ್ತೇವೆ. ಅದರಲ್ಲಿ ನನಗೆ ಕಾಣುವುದು ಇನ್ನೂ ಹೆಚ್ಚಿನದು: ಮೊದಲು ಆ ದಿನದ ಊಟ, ಆಮೇಲೆ ಕಸುಬಿನ ಸಾಧನ, ಅದಕ್ಕೆ ಕಾವು ಹಾಕಿಕೊಡುವಷ್ಟು ಕಾಳಜಿ, ಕೊನೆಗೆ ಹದಿನೈದು ದಿನದ ನಂತರ ಏನಾಯಿತೆಂದು ನೋಡುವ ಹೊಣೆ. ಎರಡನೆಯ ಖಲೀಫಾ ಉಮರ್ ಅವರಂತೂ, ಕೊಡುವುದಾದರೆ ಕೊರತೆ ನೀಗುವಷ್ಟು ಕೊಡಿ ಎಂದಿದ್ದರೆಂಬ ಮಾತಿದೆ.

ಇದಕ್ಕೆ ವಿರುದ್ಧವಾಗಿ ನಡೆಯುವುದನ್ನು ನಾವು ಪ್ರತಿವರ್ಷ ನೋಡುತ್ತೇವೆ. ಸಿರಿವಂತರ ಮನೆ ಮುಂದೆ ಹೆಣ್ಣುಮಕ್ಕಳ ಸಾಲು, ಕಂಕುಳಲ್ಲಿ ಕೂಸು, ಕೈಯಲ್ಲಿ ಟೋಕನ್, ಕಿಟ್ ಕೊಡುವಾಗ ಮೊಬೈಲಿನಲ್ಲಿ ಫೋಟೊ. 2008ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಪಸುರುವಾನ್ ಎಂಬ ಊರಿನಲ್ಲಿ ಹೀಗೆಯೇ ಮನೆಯೊಂದರ ಮುಂದೆ ಝಕಾತ್‌ಗಾಗಿ ನಿಂತವರಲ್ಲಿ 21 ಮಹಿಳೆಯರು ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಆ ದೇಶ 2011ರಲ್ಲಿ ಝಕಾತ್ ನಿರ್ವಹಣೆಗೆ ಹೊಸ ಕಾನೂನನ್ನೇ ತಂದಿತು. ನಮ್ಮಲ್ಲಿ ಜೀವಹಾನಿ ಆಗದಿರಬಹುದು, ಆದರೆ ಸಾಲಿನಲ್ಲಿ ನಿಂತ ತಾಯಿಯ ಮಗ ತನ್ನ ಸಹಪಾಠಿಯ ಮನೆಯಿಂದಲೇ ಕಿಟ್ ಹೊತ್ತು ತರುವಾಗ ಅವನಿಗೆ ಆಗುವ ನೋವನ್ನು ತರಗತಿಯಲ್ಲಿ ನಿಂತು ನಾನು ನೋಡಿದ್ದೇನೆ.

ನಾವೂ ತಪ್ಪು ಮಾಡಿದ್ದೇವೆ. ಒಂದು ವರ್ಷ ನಮ್ಮ ಸಮಿತಿ ಕಿಟ್ ಬೇಡ, ಶಾಶ್ವತವಾದದ್ದೇನಾದರೂ ಕೊಡೋಣ ಎಂದು ಉತ್ಸಾಹದಿಂದ 14 ಹೊಲಿಗೆ ಯಂತ್ರಗಳನ್ನು ಕೊಂಡು, ಒಂದೇ ಮೊಹಲ್ಲಾದ 14 ಮಂದಿಗೆ ಹಂಚಿತು. ಆ ಓಣಿಗಳಲ್ಲಿ ಮೊದಲೇ ಮನೆಗೊಬ್ಬರು ಹೊಲಿಯುವವರಿದ್ದರು. ಬ್ಲೌಸು ಹೊಲಿಸುವವರಿಗಿಂತ ಹೊಲಿಯುವವರೇ ಹೆಚ್ಚಾಗಿ, ಹೊಲಿಗೆಯ ದರ ಇಳಿದು, ಮೊದಲಿನಿಂದ ಅದೇ ಕಸುಬಿನಲ್ಲಿದ್ದವರಿಗೂ ಪೆಟ್ಟು ಬಿತ್ತು. ವರ್ಷ ತುಂಬುವುದರೊಳಗೆ ಆರು ಯಂತ್ರಗಳು ಅರ್ಧ ಬೆಲೆಗೆ ಮಾರಾಟವಾದವು. ‘ಕೊಟ್ಟದ್ದನ್ನು ಮಾರಿಕೊಂಡರು’ ಎಂದು ಸಮಿತಿಯಲ್ಲಿ ಕೆಲವರು ಬೇಸರಪಟ್ಟರು. ಆದರೆ ಕೊಡುವ ಮೊದಲು ಆ ಹದಿನಾಲ್ವರಲ್ಲಿ ಒಬ್ಬರನ್ನಾದರೂ ನಾವು ಏನು ಬೇಕೆಂದು ಕೇಳಿರಲಿಲ್ಲ. ಆಮೇಲೆ ಕೇಳಿದಾಗ ಒಬ್ಬಳು ತನಗೆ ಬೇಕಾಗಿದ್ದದ್ದು ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಯಂತ್ರ ಎಂದಳು, ಹೊಲಿಗೆ ಯಂತ್ರ ಅವಳ ಬಳಿ ಇತ್ತು. ಇನ್ನೊಬ್ಬಳಿಗೆ ಬೇಕಾಗಿದ್ದದ್ದು ರೊಟ್ಟಿ ಬೇಯಿಸಲು ದೊಡ್ಡ ಹಂಚು, ಎರಡು ಒಲೆಯ ಗ್ಯಾಸ್. ಮೂರನೆಯವಳು ತಲೆ ತಗ್ಗಿಸಿ, ಸಂಘದ ಸಾಲ ಒಂದು ತೀರಿದರೆ ಸಾಕು, ಕಸುಬು ನಾನೇ ನೋಡಿಕೊಳ್ಳುತ್ತೇನೆ ಎಂದಳು.

ಈ ಮೂರನೆಯ ಮಾತನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಕುರಾನಿನ ಒಂಬತ್ತನೆಯ ಅಧ್ಯಾಯದ 60ನೇ ವಚನ ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಹೇಳುತ್ತದೆ. ಬಡವರು, ನಿರ್ಗತಿಕರ ಜೊತೆಗೇ ಅದರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಕಿಟ್ ಹಂಚುವ ನಾವು ಮೊದಲ ಎರಡು ವರ್ಗಗಳನ್ನು ನೆನೆಯುತ್ತೇವೆ, ಸಾಲಗಾರರನ್ನು ಮರೆಯುತ್ತೇವೆ. ವಾರಕ್ಕೆ ಎರಡು ಕಂತು ಕಟ್ಟುವ ತಾಯಿಗೆ ಹೊಸ ಬಂಡವಾಳ ಕೊಟ್ಟರೆ ಅದು ನೇರವಾಗಿ ಹಳೆಯ ಕಂತಿಗೆ ಹೋಗುತ್ತದೆ. ಒಡೆದ ಕೊಡಕ್ಕೆ ನೀರು ತುಂಬಿದ ಹಾಗೆ. ಆದ್ದರಿಂದ ಮೊದಲು ಬಡ್ಡಿ ಸಾಲವನ್ನು ಝಕಾತ್ ಹಣದಿಂದ ಪೂರ್ತಿ ಚುಕ್ತಾ ಮಾಡಿ, ಸಾಲ ಕೊಟ್ಟವನಿಂದ ತೀರುವಳಿ ಪತ್ರ ಬರೆಸಿಕೊಂಡು, ಆಮೇಲೆ ಕಸುಬಿನ ಮಾತಾಡಬೇಕು.

ಹಾಗಿದ್ದರೆ ಝಕಾತ್ ಹಣವನ್ನೇ ಸಾಲವಾಗಿ ಕೊಟ್ಟು, ತಿರುಗಿ ಬಂದದ್ದನ್ನು ಇನ್ನೊಬ್ಬರಿಗೆ ಕೊಡಬಹುದಲ್ಲ ಎಂದು ನಮ್ಮ ಸಮಿತಿಯ ಯುವಕರು ಕೇಳುತ್ತಾರೆ. ಲೆಕ್ಕದ ದೃಷ್ಟಿಯಿಂದ ಅದು ಚೆನ್ನಾಗಿ ಕಾಣುತ್ತದೆ. ಆದರೆ ಝಕಾತ್ ಕೊಟ್ಟ ಮೇಲೆ ಅದು ಪಡೆದವರ ಒಡೆತನಕ್ಕೆ ಪೂರ್ತಿಯಾಗಿ ಸೇರಬೇಕೆಂಬುದು, ತಮ್ಲೀಕ್ ಎಂಬ ಈ ಷರತ್ತು, ನಮ್ಮ ಕಡೆಯ ಹೆಚ್ಚಿನವರು ಅನುಸರಿಸುವ ಹನಫಿ ಪಂಥದಲ್ಲಿ ಬಹಳ ಗಟ್ಟಿಯಾದದ್ದು. ನನಗೆ ಈ ಷರತ್ತು ಅಡ್ಡಿ ಎನಿಸುವುದಿಲ್ಲ, ರಕ್ಷಣೆ ಎನಿಸುತ್ತದೆ. ಕೊಟ್ಟ ತಳ್ಳುಗಾಡಿ ಸಮಿತಿಯ ಹೆಸರಿನಲ್ಲಿ ಉಳಿದಿದ್ದರೆ, ಅದನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳುವ ಅಧಿಕಾರವೂ ಸಮಿತಿಯ ಬಳಿ ಉಳಿಯುತ್ತದೆ. ಆಕೆಯ ಹೆಸರಿಗಾದರೆ ಯಾರೂ ಅದನ್ನು ಕಿತ್ತುಕೊಳ್ಳಲಾರರು. ಆದ್ದರಿಂದ ಸಾಲ ತೀರಿಸುವುದು, ಸಾಧನ ಕೊಡಿಸುವುದು, ಮೊದಲ ಸುತ್ತಿನ ಸರಕು ಹಾಕಿಕೊಡುವುದು ಝಕಾತ್‌ನಿಂದ ಆಗಲಿ, ಅದು ಹಿಂದಕ್ಕೆ ಬರುವ ಹಣವಲ್ಲ. ವ್ಯಾಪಾರ ಬೆಳೆದಾಗ, ಹಬ್ಬದ ಕಾಲಕ್ಕೆ ಹೆಚ್ಚು ಸರಕು ಬೇಕಾದಾಗ, ಯಂತ್ರ ಕೆಟ್ಟಾಗ ಬೇಕಾಗುವ ಸಾಲಕ್ಕೆ ಸದಖಾ ಮತ್ತು ದಾನಿಗಳ ದೇಣಿಗೆಯಿಂದ ಬೇರೆ ನಿಧಿ ಕಟ್ಟಿ ಖರ್ಜೆ ಹಸನಾ ಕೊಡಲಿ. ಎರಡು ನಿಧಿಗೆ ಎರಡು ಪುಸ್ತಕ, ಎರಡು ಖಾತೆ. ಇವನ್ನು ಬೆರೆಸಿದ ದಿನವೇ ಜಗಳ ಶುರುವಾಗುತ್ತದೆ.

ಸಾಲ ಹಿಂದಿರುಗಿಸಲು ಕಷ್ಟವಾದರೆ? ಕುರಾನಿನ ಎರಡನೆಯ ಅಧ್ಯಾಯದ 280ನೇ ವಚನದ ಆದೇಶ ಸ್ಪಷ್ಟವಿದೆ: ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಅದು ನಿಮಗೇ ಒಳ್ಳೆಯದು. ಇದರ ಬೆಲೆ ಏನೆಂದು ತಿಳಿಯಲು ಇದ್ದತ್ ಅವಧಿಯನ್ನು ನೆನೆದರೆ ಸಾಕು. ಗಂಡ ತೀರಿಕೊಂಡ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕೆಂಬುದು ಧರ್ಮದ ನಿಯಮ. ವಾರದ ಕಂತಿಗೆ ಇದ್ದತ್ ಇಲ್ಲ. ಮಂಡಕ್ಕಿ ಮಾರುವ ಆ ತಾಯಿಯ ಹೆಸರಿನಲ್ಲಿ ಗಂಡ ಬದುಕಿದ್ದಾಗಲೇ ಒಂದು ಸಂಘದ ಸಾಲವಿತ್ತು. ಕಂತು ತಪ್ಪಿದ ಎರಡನೆಯ ವಾರವೇ ಗುಂಪಿನ ಹೆಂಗಸರು, ಅವರ ಹಿಂದೆ ಕಂಪನಿಯ ಹುಡುಗ, ಪರದೆಯ ಆಚೆ ಬಂದು ನಿಂತಿದ್ದರು. ಗುಂಪಿನ ಹೆಂಗಸರನ್ನು ನಾನು ದೂರುವುದಿಲ್ಲ, ಅವಳು ಕಟ್ಟದಿದ್ದರೆ ಅವರ ಕೈಯಿಂದ ಹೋಗುತ್ತಿತ್ತು. ಅವಳು ಕಿವಿಯೋಲೆ ಬಿಚ್ಚಿ ನಾದಿನಿಯ ಕೈಯಲ್ಲಿ ಕಳುಹಿಸಿ ಅಡವಿಡಿಸಿದಳು. ಜೀವನೋಪಾಯಕ್ಕೆ ಬೇರೆ ದಾರಿಯಿಲ್ಲದ ವಿಧವೆ ಇದ್ದತ್‌ನಲ್ಲೂ ಹಗಲು ಹೊತ್ತು ಕೆಲಸಕ್ಕೆ ಹೊರಗೆ ಹೋಗಬಹುದೆಂದು ಹನಫಿ ಧರ್ಮಶಾಸ್ತ್ರ ಅನುಮತಿಸುತ್ತದೆ ಎಂಬುದನ್ನು ನಮ್ಮ ಮಸೀದಿಯ ಮೌಲಾನಾ ಸಾಹೇಬರು ಆಮೇಲೆ ಹೇಳಿದಾಗ, ಅದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊಹಲ್ಲಾದ ನಿಧಿಯೊಂದು ಮಾಡಬಹುದಾದ ಮೊದಲ ಕೆಲಸವೆಂದರೆ ಆ ನೂರಮೂವತ್ತು ದಿನ ಆ ಮನೆಯ ಅಡುಗೆ, ಬಾಡಿಗೆ, ಕಂತನ್ನು ಹೊರುವುದು.

ಇವೆಲ್ಲ ಕೇಳಲು ಚೆನ್ನ, ನಡೆಯುತ್ತದೆಯೇ ಎಂದು ಅನುಮಾನಿಸುವವರಿಗೆ ಒಂದೆರಡು ಉದಾಹರಣೆ. ಉತ್ತರ ಪ್ರದೇಶದ ದೇವಬಂದ್‌ನಲ್ಲಿ 1961ರಲ್ಲಿ ಆರಂಭವಾದ ಮುಸ್ಲಿಂ ಫಂಡ್, ಒಡವೆ ಅಡವಿಟ್ಟುಕೊಂಡು ಬಡ್ಡಿಯಿಲ್ಲದ ಸಾಲ ಕೊಡುವ ಪದ್ಧತಿಯನ್ನು ಬೆಳೆಸಿತು. ದೆಹಲಿಯ ಸಹೂಲತ್ ಮೈಕ್ರೋಫೈನಾನ್ಸ್ ಸೊಸೈಟಿ 2010ರಿಂದ ಹಲವು ರಾಜ್ಯಗಳಲ್ಲಿ ಬಡ್ಡಿರಹಿತ ಪತ್ತಿನ ಸಹಕಾರ ಸಂಘಗಳನ್ನು ಕಟ್ಟಿಸಲು ನೆರವಾಗುತ್ತಿದೆ. ನೆರೆಯ ಪಾಕಿಸ್ತಾನದ ಲಾಹೋರಿನಲ್ಲಿ 2001ರಲ್ಲಿ ಅಮ್ಜದ್ ಸಾಕಿಬ್ ಆರಂಭಿಸಿದ ಅಖೂವತ್ ಸಂಸ್ಥೆ ಕೊಟ್ಟ ಮೊಟ್ಟಮೊದಲ ಸಾಲ ಒಬ್ಬ ವಿಧವೆಗೆ, ಹತ್ತು ಸಾವಿರ ರೂಪಾಯಿ, ಬಡ್ಡಿಯಿಲ್ಲದೆ. ಆಕೆ ಅದರಲ್ಲಿ ಹೊಲಿಗೆ ಯಂತ್ರ ಕೊಂಡು ದುಡಿದು ಹಣ ಹಿಂದಿರುಗಿಸಿದ್ದೇ ಆ ಸಂಸ್ಥೆಗೆ ಧೈರ್ಯ ತಂದಿತು. ಇಂದು ಅದು ಲಕ್ಷಾಂತರ ಕುಟುಂಬಗಳಿಗೆ ಸಾಲ ಕೊಟ್ಟಿದೆ, ಸಾಕಿಬ್ ಅವರಿಗೆ 2021ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದೇಶ ಯಾವುದಾದರೇನು, ಒಳ್ಳೆಯ ಪದ್ಧತಿಯನ್ನು ಕಲಿಯಲು ಸಂಕೋಚ ಬೇಡ.

ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ಅಧ್ಯಕ್ಷತೆಯ ಸಮಿತಿ 2008ರಲ್ಲೇ ಸಲಹೆ ಮಾಡಿತ್ತು. ರಿಸರ್ವ್ ಬ್ಯಾಂಕ್ 2017ರಲ್ಲಿ ಅದನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿತು. ಆದ್ದರಿಂದ ಸದ್ಯಕ್ಕೆ ಉಳಿದಿರುವ ದಾರಿ ನೋಂದಾಯಿತ ಟ್ರಸ್ಟ್ ಅಥವಾ ಸಹಕಾರ ಸಂಘ. ಇಲ್ಲಿ ಎಚ್ಚರಿಕೆಯ ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ‘ಹಲಾಲ್’ ಎಂಬ ಹೆಸರು ಕೇಳಿದ ಕೂಡಲೇ ಒಡವೆ ಮಾರಿ ಹಣ ತಂದಿಟ್ಟವರ ಗತಿ ಏನಾಯಿತೆಂಬುದು 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ಬಾಗಿಲು ಮುಚ್ಚಿದಾಗ ಇಡೀ ರಾಜ್ಯಕ್ಕೆ ಗೊತ್ತಾಯಿತು. ಮಗಳ ಮದುವೆಗೆಂದು ಕೂಡಿಟ್ಟದ್ದನ್ನು, ಗಂಡ ಸತ್ತಾಗ ಬಂದ ಪರಿಹಾರದ ಹಣವನ್ನು ಅಲ್ಲಿ ಇಟ್ಟ ಹೆಣ್ಣುಮಕ್ಕಳು ಅಂಗಡಿಯ ಮುಂದೆ ಕುಳಿತು ಅತ್ತದ್ದನ್ನು ನಾವು ಟಿ.ವಿ.ಯಲ್ಲಿ ನೋಡಿದೆವು. ನಾನು ಹೇಳುತ್ತಿರುವುದಕ್ಕೂ ಅದಕ್ಕೂ ಅಜಗಜಾಂತರ. ಲಾಭ ಕೊಡುತ್ತೇನೆಂದು ಹಣ ಕೇಳುವವರು ಝಕಾತ್ ಸಮಿತಿಯಲ್ಲ. ನಮ್ಮ ನಿಧಿ ಒಂಟಿ ತಾಯಂದಿರಿಂದ ಒಂದು ಪೈಸೆಯನ್ನೂ ಠೇವಣಿಯಾಗಿ ಪಡೆಯಬಾರದು, 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯ ಪ್ರಕಾರವೂ ಪಡೆಯುವಂತಿಲ್ಲ. ಉಳಿತಾಯವನ್ನೂ ಸೇರಿಸಬೇಕೆಂದರೆ ಸಹಕಾರ ಕಾಯ್ದೆಯಡಿ ನೋಂದಣಿಯಾಗಿ, ವರ್ಷವರ್ಷ ಲೆಕ್ಕಪರಿಶೋಧನೆಗೆ ಒಳಪಡಬೇಕು. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ತಿರುಗಿ ಬಂತು ಎಂಬ ಹಾಳೆಯನ್ನು ಶುಕ್ರವಾರದ ಜುಮಾ ದಿನ ಮಸೀದಿಯ ಫಲಕಕ್ಕೆ ಹಚ್ಚಬೇಕು. ಪಡೆದವರ ಹೆಸರು ಮಾತ್ರ ಎಲ್ಲೂ ಬರಕೂಡದು.

ಒಂಟಿ ತಾಯಿ ಎಂದರೆ ವಿಧವೆ ಎಂದಷ್ಟೇ ಸಮಿತಿಗಳು ತಿಳಿಯುತ್ತವೆ. ತಲಾಖ್ ಆದವಳನ್ನು ಕಂಡರೆ ತುಸು ಹಿಂಜರಿಯುತ್ತವೆ, ಗಂಡ ಬಿಟ್ಟುಹೋದವಳನ್ನು ಕಾಣುವುದೇ ಇಲ್ಲ. ಅವಳ ಬಳಿ ಮರಣ ಪ್ರಮಾಣಪತ್ರವಿಲ್ಲ, ತಲಾಖ್‌ನಾಮಾ ಇಲ್ಲ, ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನದ ಖುಲಾ ಪತ್ರವಿಲ್ಲ. ಪಡಿತರ ಚೀಟಿಯಲ್ಲಿ ಗಂಡನ ಹೆಸರು ಇನ್ನೂ ಇದೆ, ಗಂಡ ಎಲ್ಲಿದ್ದಾನೋ ಅಲ್ಲಾಹನಿಗೇ ಗೊತ್ತು. ಸರ್ಕಾರದ ವಿಧವಾ ವೇತನ ಅವಳಿಗೆ ಸಿಗದು. ಅವಿವಾಹಿತೆಯರಿಗೆ, ವಿಚ್ಛೇದಿತೆಯರಿಗೆ ಇರುವ ಮನಸ್ವಿನಿ ಯೋಜನೆ 40 ವರ್ಷ ತುಂಬಿದ ಮೇಲಿನದು, ಗಂಡ ಬಿಟ್ಟುಹೋದ, ಎರಡು ಮಕ್ಕಳ ಇಂಥ ಒಬ್ಬ ತಾಯಿಗೆ ಇನ್ನೂ 28. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿಯಂಥ ಸಾಲ ಯೋಜನೆಗಳಲ್ಲಿ ಸಹಾಯಧನವಿದೆ, ಅರ್ಹರು ಖಂಡಿತ ಅರ್ಜಿ ಹಾಕಬೇಕು, ಆದರೆ ಅಲ್ಲಿಯೂ ಕಾಗದ ಕೇಳುತ್ತಾರೆ. ಸರ್ಕಾರ ಕಾಗದ ಕೇಳುವುದು ಅನಿವಾರ್ಯವಿರಬಹುದು. ಮೊಹಲ್ಲಾದ ನಿಧಿಗೆ ಆ ಅನಿವಾರ್ಯತೆ ಇಲ್ಲ. ಅಕ್ಕಪಕ್ಕದ ಮೂರು ಮನೆಯವರ ಮಾತು ಸಾಕು. ಇಡೀ ಓಣಿಗೆ ಗೊತ್ತಿರುವ ಸಂಗತಿಗೆ ಮುದ್ರೆ ಯಾಕೆ ಬೇಕು?

ಆ ಮಾತನ್ನು ಕೇಳಿಬರಲು ಹೋಗುವವರು ಹೆಂಗಸರಾಗಿರಬೇಕು. ನನಗೆ ತಿಳಿದ ಸಮಿತಿಗಳಲ್ಲಿ ಹೆಚ್ಚಿನವು ಪೂರ್ತಿ ಗಂಡಸರದು, ನಾನೂ ಲೆಕ್ಕ ಬರೆಯುವವಳು ಮಾತ್ರ, ಸದಸ್ಯೆಯಲ್ಲ. ಒಬ್ಬ ತರುಣ ವಿಧವೆ ಐದು ಜನ ಗಂಡಸರ ಮುಂದೆ ನಿಂತು ತನ್ನ ಸಾಲದ ಕತೆ ಹೇಳಬೇಕೆಂದರೆ ಅರ್ಧ ಹೇಳುತ್ತಾಳೆ, ಅರ್ಧ ನುಂಗುತ್ತಾಳೆ. ಅರ್ಜಿಯಲ್ಲಿ ‘ತಂದೆ ಅಥವಾ ಸಹೋದರನ ಸಹಿ’ ಎಂಬ ಸಾಲನ್ನು ಕೂಡಲೇ ತೆಗೆಯಬೇಕೆಂಬುದು ನನ್ನ ಬಲವಾದ ಬೇಡಿಕೆ. ಬೀಬಿ ಖದೀಜಾ ಅವರು ವಿಧವೆಯಾಗಿದ್ದುಕೊಂಡೇ ಮಕ್ಕಾದಿಂದ ಸಿರಿಯಾಕ್ಕೆ ಸರಕು ಕಳುಹಿಸುವ ವ್ಯಾಪಾರ ನಡೆಸಿದವರು, ಪ್ರವಾದಿಯವರು ಆ ಸರಕಿನ ಜವಾಬ್ದಾರಿ ಹೊತ್ತು ಹೋದವರು. ಆ ಇತಿಹಾಸವನ್ನು ಮಿಲಾದ್ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವ ನಾವು, ಹೆಣ್ಣುಮಗಳ ತಳ್ಳುಗಾಡಿಗೆ ಅಣ್ಣನ ಸಹಿ ಕೇಳುವುದು ಸರಿಯಲ್ಲ.

ವಕ್ಫ್ ಬಗ್ಗೆ ಈಗ ದೇಶದಲ್ಲಿ ನಡೆಯುತ್ತಿರುವ ದೊಡ್ಡ ವಾದಗಳಿಗೆ ನಾನು ಹೋಗುವುದಿಲ್ಲ. ಕೈಗೆಟಕುವ ಒಂದು ಕೆಲಸ ಹೇಳುತ್ತೇನೆ. ಅನೇಕ ಊರುಗಳಲ್ಲಿ ಮಸೀದಿ, ದರ್ಗಾಗಳಿಗೆ ಸೇರಿದ ಮಳಿಗೆಗಳಿವೆ. ಗುತ್ತಿಗೆ ನಿಯಮಗಳ ಚೌಕಟ್ಟಿನಲ್ಲೇ, ಖಾಲಿಯಾಗುವ ಮಳಿಗೆಗಳಲ್ಲಿ ಒಂದನ್ನು ನಾಲ್ಕಾರು ಒಂಟಿ ತಾಯಂದಿರು ಹಂಚಿಕೊಂಡು ವ್ಯಾಪಾರ ಮಾಡಲು ಕೊಟ್ಟು, ಅವರ ಮುಂಗಡವನ್ನು ನಿಧಿ ತುಂಬಿದರೆ, ಬಿಸಿಲು ಮಳೆಯಲ್ಲಿ ಫುಟ್‌ಪಾತಿನ ಮೇಲೆ ಕೂರುವುದು, ಗಾಡಿ ಎತ್ತಿಸುವವರಿಗೆ ಹೆದರುವುದು ತಪ್ಪುತ್ತದೆ. ವಿಚ್ಛೇದಿತೆಗೆ ಬಂಧುಗಳ ಆಸರೆ ಇಲ್ಲದಿದ್ದರೆ ಜೀವನಾಂಶವನ್ನು ವಕ್ಫ್ ಮಂಡಳಿ ಕೊಡಬೇಕೆಂದು ಆದೇಶಿಸುವ ಅಧಿಕಾರವನ್ನು ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕು ರಕ್ಷಣೆಯ 1986ರ ಕಾಯ್ದೆಯೇ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಆದೇಶ ಬರುವವರೆಗೆ ಕಾಯದೆ ಮಳಿಗೆಯ ಬೀಗದ ಕೈ ಕೊಡುವುದು ವಕ್ಫ್ ಆಸ್ತಿ ನೋಡಿಕೊಳ್ಳುವ ಮುತವಲ್ಲಿಗಳಿಗೆ ಗೌರವ ತರುವ ಕೆಲಸ.

ಇದು ಮುಸ್ಲಿಮರಿಗಷ್ಟೇ ಏಕೆ ಎಂದು ಕೇಳಬಹುದು. ಝಕಾತ್ ಮುಸ್ಲಿಂ ಬಡವರಿಗೆ ಸಲ್ಲಬೇಕೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ, ಆದರೆ ಸದಖಾ ಮತ್ತು ಖರ್ಜೆ ಹಸನಾಗೆ ಆ ಮಿತಿಯಿಲ್ಲ. ನಮ್ಮ ಓಣಿಯ ಕೊನೆಯಲ್ಲಿ ಮೆಣಸಿನಕಾಯಿ ಬೋಂಡಾ ಹಾಕುವ, ಗಂಡನನ್ನು ಕಳೆದುಕೊಂಡ ಇನ್ನೊಬ್ಬ ತಾಯಿ ಮುಸ್ಲಿಮಳಲ್ಲ. ದಿನಗಂತಿನವನು ಇಬ್ಬರ ಮನೆಗೂ ಒಂದೇ ಸೈಕಲ್ ಮೋಟಾರಿನಲ್ಲಿ ಬರುತ್ತಾನೆ. ನಮ್ಮ ಸಾಲದ ನಿಧಿ ಆಕೆಯ ಬಾಗಿಲಿಗೂ ಹೋಗಬೇಕು.

ಮದರಸಾಗಳಿಗೆ, ಅನಾಥಾಲಯಗಳಿಗೆ ಕೊಡುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ರಂಜಾನಿಗೆ ಒಂದೆರಡು ತಿಂಗಳು ಮೊದಲೇ, ಪ್ರತಿ ಮೊಹಲ್ಲಾದಲ್ಲಿ ಒಂಟಿ ತಾಯಂದಿರ ಪಟ್ಟಿ ಮಾಡಿ, ಯಾರಿಗೆ ಎಷ್ಟು ಸಾಲವಿದೆ, ಯಾವ ಕಸುಬು ಗೊತ್ತು, ಏನು ಬೇಕು ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ, ನಾಲ್ಕು ಮನೆಗಳ ಝಕಾತ್ ಕೂಡಿಸಿ ಒಬ್ಬಳನ್ನು ಪೂರ್ತಿಯಾಗಿ ಎತ್ತಿ ನಿಲ್ಲಿಸಿ ಎಂದಷ್ಟೇ ಜಿಲ್ಲೆಯ ಜಮಾಅತ್‌ಗಳನ್ನು, ಮುತವಲ್ಲಿಗಳನ್ನು ಕೋರುತ್ತೇನೆ. ನಿವೃತ್ತಿಯ ವೇಳೆ ಬಂದ ಹಣದ ಮೇಲಿನ ನನ್ನ ಈ ವರ್ಷದ ಝಕಾತ್ ಲೆಕ್ಕ ಮಾಡಿಟ್ಟಿದ್ದೇನೆ. ಮಂಡಕ್ಕಿ ಮಾರುವ ತಾಯಿಯ ದಿನಗಂತಿನಲ್ಲಿ ಇನ್ನು 46 ದಿನ ಬಾಕಿ ಇದೆ, ಅಂದರೆ 9,200 ರೂಪಾಯಿ. ಅದನ್ನು ಚುಕ್ತಾ ಮಾಡಿ, ಗೂಡಂಗಡಿಗಳಲ್ಲಿ ನಿಲ್ಲುವ ಹನ್ನೆರಡು ಸಾವಿರವನ್ನು ಆಕೆಯ ಕೈಗೆ ಕೊಟ್ಟು, ಉಳಿದದ್ದರಲ್ಲಿ ಕವರ್ ಅಂಟಿಸುವ ಕರೆಂಟಿನ ಯಂತ್ರವೊಂದನ್ನು ಕೊಡಿಸುತ್ತೇನೆ. ಏನು ಬೇಕೆಂದು ಕೇಳಿದಾಗ ಆಕೆ ಮೊದಲು ಹೇಳಿದ್ದು ಅದನ್ನೇ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ,
ದಾವಣಗೆರೆ